ಲಾರೆನ್ಸರ ಕೈಯ ಜಾಲರಿ

ಅತ್ತೂರು ಜಾತ್ರೆಯಲ್ಲಿ ಅಮ್ಮ ಕೊಡಿಸಿದ ಒಂದು ಸಣ್ಣ ಚಿತ್ರ ನನ್ನ ಬಳಿ ಇನ್ನೂ ಇದೆ. ಅಂಗೈಯಷ್ಟು ಅಗಲದ ಕಾಗದ. ಮೂಲೆಗಳು ಮಡಚಿ ಮಡಚಿ ಬೆಳ್ಳಗಾಗಿವೆ. ಅದರಲ್ಲಿ ಕೆಂಪು ನಿಲುವಂಗಿ ತೊಟ್ಟ ಒಬ್ಬ ಯುವಕ ನಿಂತಿದ್ದಾರೆ. ಒಂದು ಕೈಯಲ್ಲಿ ಉದ್ದನೆಯ ಗರಿ. ಇನ್ನೊಂದು ಕೈಯಲ್ಲಿ ಕಬ್ಬಿಣದ ಸರಳುಗಳ ಚೌಕಟ್ಟು. ನಾನು ಆಗ ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ. ಅದು ಕಿಟಕಿಯ ಗ್ರಿಲ್ ಅಂತಲೇ ತಿಳಿದಿದ್ದೆ. ಜೈಲಿನ ಕಿಟಕಿ ಕಿತ್ತು ಹೊರಗೆ ಬಂದವರಿರಬೇಕು ಅಂತ ನನ್ನಷ್ಟಕ್ಕೆ ಒಂದು ಕತೆಯನ್ನೂ ಕಟ್ಟಿಕೊಂಡಿದ್ದೆ.

"ಕಿಟಕಿ ಅಲ್ಲ ಮಗಾ, ಅವರನ್ನು ಅದರ ಮೇಲೆ ಮಲಗಿಸಿ ಕೆಂಡದಲ್ಲಿ ಸುಟ್ಟರಂತೆ" ಎಂದರು ಅಮ್ಮ.

"ಮತ್ತೆ ಅದನ್ನೇ ಯಾಕೆ ಕೈಯಲ್ಲಿ ಹಿಡಿದಿದ್ದಾರೆ?"

ಅಮ್ಮನಿಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ನಮ್ಮದು ಕ್ರೈಸ್ತರ ಮನೆ ಅಲ್ಲ. ಆದರೆ ಕಾರ್ಕಳದ ಕಡೆಯವರಿಗೆ ಅತ್ತೂರಿನ ಸಂತ ಲಾರೆನ್ಸರು ಪರಕೀಯರೂ ಅಲ್ಲ. ಜನವರಿಯಲ್ಲಿ ಸಾಂತ್‌ಮಾರಿ, ಅಂದರೆ ಈ ಜಾತ್ರೆ, ಬಂತೆಂದರೆ ಊರೇ ಆ ಕಡೆ ಹೊರಡುತ್ತದೆ. ಹರಕೆ ಹೊತ್ತವರು, ಮೇಣದಬತ್ತಿ ಹಚ್ಚುವವರು, ಸುಮ್ನೆ ಬಳೆ ಅಂಗಡಿ ನೋಡಲು ಬಂದವರು, ಎಲ್ಲರೂ ಒಂದೇ ದಾರಿಯಲ್ಲಿ. ಅಲ್ಲಿನ ಇಗರ್ಜಿಗೆ, ಅಂದರೆ ಚರ್ಚಿಗೆ, 2016ರಲ್ಲಿ ಬಸಿಲಿಕಾ ಎಂಬ ಮರ್ಯಾದೆ ಸಿಕ್ಕಿತು. ಮನೆಯಿಂದ ಹೊರಡುವಾಗಲೇ ಅಮ್ಮ ಸೆರಗಿನ ತುದಿಯಲ್ಲಿ ಚಿಲ್ಲರೆ ಗಂಟು ಹಾಕಿಕೊಳ್ಳುತ್ತಿದ್ದರು. ದಾರಿಯ ಎರಡೂ ಬದಿಗೆ ಬಟ್ಟೆ ಹಾಸಿ ಕೂತವರಿಗೆ ಒಂದೊಂದು ನಾಣ್ಯ ಹಾಕುವುದು ನನ್ನ ಕೆಲಸ. ನನಗೆ ಆಗ ಗಮನವೆಲ್ಲ ಮುಂದಿನ ಅಂಗಡಿಯ ಪೀಪಿಯ ಮೇಲೆ.

ಆ ಪ್ರಶ್ನೆ ಮಾತ್ರ ನನ್ನ ಜೊತೆ ದೊಡ್ಡದಾಗುತ್ತಾ ಬಂತು. ತನ್ನ ಹಿಂಸೆಯ ಗುರುತನ್ನೇ ಹಿಡಿದು ನಿಂತ ಸಂತರು ಇವರೊಬ್ಬರೇ ಅಲ್ಲ. ಕ್ಯಾಥರೀನ್ ಪಕ್ಕದಲ್ಲಿ ಮುಳ್ಳಿನ ಚಕ್ರ ಇರುತ್ತದೆ. ಲೂಸಿಯಾ ತಟ್ಟೆಯಲ್ಲಿ ಎರಡು ಕಣ್ಣು ಹಿಡಿದಿರುತ್ತಾರೆ. ಸಿಸ್ಟೀನ್ ಚಾಪೆಲ್‌ನ ಗೋಡೆಯ ಮೇಲೆ ಮೈಕೆಲಾಂಜೆಲೊ ಬರೆದ ಬಾರ್ತೊಲೊಮಾಯರು ತಮ್ಮದೇ ಸುಲಿದ ಚರ್ಮವನ್ನು ಬಟ್ಟೆಯ ಹಾಗೆ ಇಳಿಬಿಟ್ಟುಕೊಂಡಿದ್ದಾರೆ. ಅದೇ ಗೋಡೆಯಲ್ಲಿ ನಮ್ಮ ಲಾರೆನ್ಸರೂ ಇದ್ದಾರೆ, ಜಾಲರಿಯನ್ನು ಏಣಿಯ ಹಾಗೆ ಹೆಗಲಿಗೆ ಆನಿಸಿಕೊಂಡು. ಇವರ ಯಾರ ಮುಖವೂ ಬರೆದವರಿಗೆ ಗೊತ್ತಿರಲಿಲ್ಲ. ಮುಖ ಗೊತ್ತಿಲ್ಲದವರನ್ನು ಗುರುತಿಸುವುದು ಹೇಗೆ? ಕೈಯಲ್ಲಿರುವ ವಸ್ತುವಿನಿಂದ. ಕೊಳಲು ಕಂಡರೆ ಕೃಷ್ಣ ಅಂತ ನಾವು ಹೇಳುವುದಿಲ್ಲವಾ, ಹಾಗೆ. ಓದು ಬಾರದ ಜನಕ್ಕೆ ಅದೇ ಹೆಸರಿನ ಹಲಗೆ.

ಇಷ್ಟೇ ಆಗಿದ್ದರೆ ನನ್ನ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು.

ಕನ್ನಡದಲ್ಲಿ ಇಂಥವರಿಗೆ ಎರಡು ಮಾತುಗಳಿವೆ. ಒಂದು ಹುತಾತ್ಮ. ಹುತ ಅಂದರೆ ಬೆಂಕಿಗೆ ಅರ್ಪಿಸಿದ್ದು. ಲಾರೆನ್ಸರ ಕತೆಗೆ ಈ ಮಾತು ಅಕ್ಷರಕ್ಕೆ ಅಕ್ಷರ ಹೊಂದುತ್ತದೆ. ಇನ್ನೊಂದು, ಇಗರ್ಜಿಗಳಲ್ಲಿ ಬಳಸುವ ರಕ್ತಸಾಕ್ಷಿ. ಇದು ಮೂಲಕ್ಕೆ ಹತ್ತಿರದ ಮಾತು. ಗ್ರೀಕಿನ ಮಾರ್ಟಿಸ್ ಎಂಬ ಪದಕ್ಕೆ ಸಾಕ್ಷಿ ಎಂದೇ ಅರ್ಥ. ಕೋರ್ಟಿನಲ್ಲಿ ನಿಂತು ತಾನು ಕಂಡದ್ದನ್ನು ಹೇಳುವವನು. ಹಾಗಾದರೆ ಕೇಳಬೇಕಾದ್ದು ಹೇಗೆ ಸತ್ತರು ಅನ್ನುವುದಲ್ಲ. ಯಾವುದಕ್ಕೆ ಸಾಕ್ಷಿ ಹೇಳಿದರು ಅನ್ನುವುದು.

ಕತೆ ನಡೆದದ್ದು ರೋಮಿನಲ್ಲಿ, 258ನೇ ಇಸವಿಯ ಆಗಸ್ಟ್ ತಿಂಗಳಲ್ಲಿ. ವಲೇರಿಯನ್ ಚಕ್ರವರ್ತಿ. ಕ್ರೈಸ್ತರ ಬಿಷಪ್, ಪಾದ್ರಿ, ಡೀಕನ್ ಇವರನ್ನು ಸಿಕ್ಕ ಕೂಡಲೇ ಕೊಲ್ಲಬೇಕು ಎಂದು ಆಜ್ಞೆ ಹೊರಟಿತ್ತು. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ಟಸ್ ಅವರನ್ನು ಸಮಾಧಿಸ್ಥಳದಲ್ಲೇ ಹಿಡಿದು ಕೊಂದರು. ಜೊತೆಗಿದ್ದ ಡೀಕನ್ನರನ್ನೂ ಬಿಡಲಿಲ್ಲ. ನಾಲ್ಕು ದಿನ ಬಿಟ್ಟು, ಆಗಸ್ಟ್ 10ರಂದು, ಡೀಕನ್ ಲಾರೆನ್ಸ್.

ಡೀಕನ್ ಅಂದರೆ ಪೂಜೆಯಲ್ಲಿ ನೆರವಾಗುವವರು ಮಾತ್ರ ಅಲ್ಲ. ಸಭೆಯ, ಅಂದರೆ ಊರಿನ ಕ್ರೈಸ್ತ ಸಮುದಾಯದ, ಹಣ, ದವಸ, ಬಟ್ಟೆ ನೋಡಿಕೊಂಡು ಬಡವರಿಗೆ ಹಂಚುವ ಹೊಣೆ ಅವರದು. ಅಧಿಕಾರಿ ಲಾರೆನ್ಸರನ್ನು ಕರೆಸಿ, ನಿಮ್ಮ ಸಭೆಯ ಸಂಪತ್ತೆಲ್ಲ ತಂದೊಪ್ಪಿಸು ಎಂದನಂತೆ. ಲಾರೆನ್ಸರು ಮೂರು ದಿನದ ಗಡುವು ಕೇಳಿ ಹೋಗಿ, ಕುರುಡರು, ಕುಂಟರು, ವಿಧವೆಯರು, ಭಿಕ್ಷೆ ಬೇಡುವವರು, ಎಲ್ಲರನ್ನೂ ಕರೆತಂದು ಸಾಲಾಗಿ ನಿಲ್ಲಿಸಿದರು. ಇವರೇ ಸಭೆಯ ಸಂಪತ್ತು ಎಂದರು. ಸಿಟ್ಟಾದ ಅಧಿಕಾರಿ ಜಾಲರಿ ಕಾಯಿಸಿದ. ಅದರ ಮೇಲೆ ಮಲಗಿಯೂ ಲಾರೆನ್ಸರು, ಈ ಬದಿ ಬೆಂದಿದೆ, ಮಗುಚಿ ಹಾಕು ಎಂದರಂತೆ.

ಮಿಲಾನಿನ ಬಿಷಪ್ ಆಂಬ್ರೋಸ್ ಈ ಕತೆ ಬರೆದದ್ದು ಸುಮಾರು 130 ವರ್ಷಗಳ ಬಳಿಕ. ಆಮೇಲೆ ಪ್ರುಡೆಂಟಿಯಸ್ ಎಂಬ ಕವಿ ಅದನ್ನು ಇನ್ನೂ ವಿಸ್ತಾರವಾಗಿ ಹಾಡಿದ. ಚಿತ್ರಕಾರರು ಮತ್ತೆ ಮತ್ತೆ ಹಿಡಿದುಕೊಂಡದ್ದು ಕತೆಯ ಎರಡನೇ ಭಾಗವನ್ನು. ಬೆಂಕಿಯನ್ನು.

ಆದರೆ ಮೊದಲಿಂದಲೂ ಹಾಗಿರಲಿಲ್ಲ. ರೋಮಿನ ನೆಲದಡಿಯ ಸಮಾಧಿಗಳಲ್ಲಿ, ಅಂದರೆ ಕ್ಯಾಟಕೋಂಬುಗಳಲ್ಲಿ, ಮೂರನೇ ಶತಮಾನದ ಚಿತ್ರಗಳಿವೆ. ಹೊರಗೆ ಜನರನ್ನು ಕೊಲ್ಲುತ್ತಿದ್ದ ಕಾಲ ಅದು. ಒಳಗಿನ ಗೋಡೆಗಳ ಮೇಲೆ ಅದರ ಸುಳಿವೇ ಇಲ್ಲ. ಪ್ರಿಸಿಲ್ಲಾ ಸಮಾಧಿಯಲ್ಲಿ ಬೈಬಲಿನ ಮೂವರು ಯುವಕರು ಬೆಂಕಿಯ ಕುಲುಮೆಯಲ್ಲಿ ನಿಂತಿದ್ದಾರೆ. ಕೈ ಎರಡೂ ಮೇಲೆತ್ತಿ ಪ್ರಾರ್ಥಿಸುತ್ತಿದ್ದಾರೆ. ಕಾಲ ಕೆಳಗೆ ಉರಿ. ಮೈಗೆ ಏನೂ ಆಗಿಲ್ಲ. ನಮ್ಮ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಯಲ್ಲಿ ಕಾಳಗ ಇರುತ್ತದೆ, ಮೇಲಿನ ಪಟ್ಟಿಯಲ್ಲಿ ಸ್ವರ್ಗ ಇರುತ್ತದೆ, ಅಲ್ವಾ? ಇವರು ಕೆಳಗಿನ ಪಟ್ಟಿಯನ್ನು ಬರೆಯದೇ ಬಿಟ್ಟರು ಅನ್ನಬಹುದು. ನೋವು ಅವರಿಗೆ ದಿನವೂ ಗೊತ್ತಿದ್ದದ್ದೇ. ಗೋಡೆಯ ಮೇಲೆ ಬೇಕಾಗಿದ್ದು ಧೈರ್ಯ.

ಕೆಲಸದ ಮೇಲೆ ಇಟಲಿಯ ಬೊಲೋನ್ಯಾದಲ್ಲಿ ಕೆಲವು ವಾರ ಇದ್ದಾಗ ಒಂದು ಭಾನುವಾರ ರೈಲು ಹಿಡಿದು ರಾವೆನ್ನಾಕ್ಕೆ ಹೋದೆ. ಅಲ್ಲಿ ಗಾಲಾ ಪ್ಲಾಸಿಡಿಯಾ ಹೆಸರಿನ ಪುಟ್ಟ ಕಟ್ಟಡವಿದೆ. ಐದನೇ ಶತಮಾನದ್ದು. ಹೊರಗಿಂದ ನೋಡಿದರೆ ಇಟ್ಟಿಗೆಯ ಹಳೇ ಗೋಡೌನಿನ ಹಾಗೆ. ತಲೆ ತಗ್ಗಿಸಿ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣುವುದಿಲ್ಲ. ಕಿಟಕಿಗಳಿಗೆ ಗಾಜಿಲ್ಲ, ತೆಳು ಕಲ್ಲಿನ ಹಲಗೆಗಳಿವೆ. ಅವುಗಳಿಂದ ಜೇನಿನ ಬಣ್ಣದ ಬೆಳಕು ನಿಧಾನವಾಗಿ ಸೋರುತ್ತದೆ. ಕಣ್ಣು ಹೊಂದಿಕೊಳ್ಳುತ್ತಾ ಬಂದ ಹಾಗೆ ತಲೆಯ ಮೇಲೆ ಕಡು ನೀಲಿ ಆಕಾಶ, ತುಂಬಾ ಚಿನ್ನದ ನಕ್ಷತ್ರ. ಎಲ್ಲವೂ ಗಾಜಿನ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ್ದು.

ಬಾಗಿಲಿನ ಎದುರು ಗೋಡೆಯಲ್ಲಿ ಜಾಲರಿ ಇತ್ತು.

ನಾನು ಅದನ್ನು ತಕ್ಷಣ ಗುರುತಿಸಿದೆ. ಜೇಬಿನಲ್ಲಿದ್ದ ಅಮ್ಮನ ಚಿತ್ರದ ಅದೇ ಸರಳುಗಳು. ಇಲ್ಲಿ ಅದಕ್ಕೆ ಚಕ್ರಗಳೂ ಇವೆ. ಅಡಿಯಲ್ಲಿ ಕೆಂಪು ನಾಲಿಗೆ ಚಾಚಿದ ಬೆಂಕಿ. ಎಡಕ್ಕೆ ಬಾಗಿಲು ತೆರೆದ ಒಂದು ಕಪಾಟು, ಅದರ ಎರಡು ಅಂತಸ್ತಿನಲ್ಲಿ ನಾಲ್ಕು ಪುಸ್ತಕ. ಮಾರ್ಕ, ಲೂಕ, ಮತ್ತಾಯ, ಯೋಹಾನ ಎಂದು ಒಂದೊಂದರ ಮೇಲೂ ಹೆಸರು. ಬಲಕ್ಕೆ ಸಂತರು. ಹೆಗಲ ಮೇಲೆ ಶಿಲುಬೆ, ಕೈಯಲ್ಲಿ ತೆರೆದ ಪುಸ್ತಕ. ಮುಖ್ಯವಾದದ್ದು ಅವರ ನಡಿಗೆ. ಅವರು ಬೆಂಕಿಯ ಕಡೆಗೇ ಬಿರುಸಾಗಿ ಹೆಜ್ಜೆ ಹಾಕುತ್ತಿದ್ದಾರೆ. ನಿಲುವಂಗಿ ಗಾಳಿಗೆ ಹಿಂದಕ್ಕೆ ಹಾರಿದೆ. ತಡವಾಗಿ ಹೊರಟು ಬಸ್ಸು ಹಿಡಿಯಲು ಓಡುವವರ ಆತುರ ಅದರಲ್ಲಿದೆ. ಎಳೆಯುವ ಸೈನಿಕರಿಲ್ಲ, ಆಜ್ಞೆ ಕೊಡುವ ಅಧಿಕಾರಿಯಿಲ್ಲ, ಸುಟ್ಟ ಮೈಯಿಲ್ಲ. ಒಬ್ಬ ಮನುಷ್ಯ, ಒಂದು ಬೆಂಕಿ, ಒಂದು ಕಪಾಟು ಪುಸ್ತಕ.

ಒಳಗೆ ಜಾಸ್ತಿ ಹೊತ್ತು ನಿಲ್ಲಲು ಬಿಡುವುದಿಲ್ಲ. ಹೊರಗೆ ಬಂದು ಮತ್ತೆ ಸಾಲಿನಲ್ಲಿ ನಿಂತು ಇನ್ನೊಮ್ಮೆ ಹೋದೆ.

ಇವರು ಲಾರೆನ್ಸರೇ ಅಲ್ಲ, ಸ್ಪೇನಿನ ವಿನ್ಸೆಂಟ್ ಇರಬೇಕು ಎನ್ನುವ ವಿದ್ವಾಂಸರೂ ಇದ್ದಾರೆ. ವಿನ್ಸೆಂಟರೂ ಡೀಕನ್. 304ರಲ್ಲಿ ವಲೆನ್ಸಿಯಾದಲ್ಲಿ ಕೊಂದರು. ಅವರ ಕತೆಯಲ್ಲೂ ಜಾಲರಿಯಿದೆ, ಜೊತೆಗೆ ಪವಿತ್ರ ಪುಸ್ತಕಗಳನ್ನು ಸುಡಲು ಒಪ್ಪಿಸಲಿಲ್ಲ ಎಂಬ ಮಾತೂ ಇದೆ. ಆ ಕಪಾಟಿಗೆ ಇದು ಚೆನ್ನಾಗಿ ಹೊಂದುತ್ತದೆ. ಗೋಡೆಯ ಮೇಲೆ ಪುಸ್ತಕಗಳಿಗೆ ಹೆಸರು ಬರೆದಿದ್ದಾರೆ, ಸಂತರಿಗೆ ಬರೆದಿಲ್ಲ. ಜಾಲರಿ ಕಂಡರೆ ಲಾರೆನ್ಸ್ ಎಂದುಬಿಡುವ ನನ್ನಂಥವರಿಗೆ ಆ ಗೋಡೆ ಒಂದು ತಡೆ ಹಾಕುತ್ತದೆ. ವಸ್ತು ಗೊತ್ತಾದರೆ ಮನುಷ್ಯ ಗೊತ್ತಾದ ಹಾಗಲ್ಲ.

ಅದೇ ಊರಿನಲ್ಲಿ ಸಂತ ಅಪೊಲಿನಾರೆ ನುವೊವೊ ಎಂಬ ದೊಡ್ಡ ಇಗರ್ಜಿಯಿದೆ. ಅಲ್ಲೂ ಚೂರು ಜೋಡಿಸಿ ಮಾಡಿದ ಚಿತ್ರಗಳು, ಆರನೇ ಶತಮಾನದ ಮೊಸಾಯಿಕ್. ಒಂದು ಬದಿಯ ಗೋಡೆಯುದ್ದಕ್ಕೂ 26 ಜನ ರಕ್ತಸಾಕ್ಷಿಗಳು, ಎದುರು ಗೋಡೆಯಲ್ಲಿ 22 ಜನ ಕನ್ಯೆಯರು, ಮೆರವಣಿಗೆಯಲ್ಲಿ ಹೊರಟಿದ್ದಾರೆ. ಎಲ್ಲರ ಕೈಯಲ್ಲೂ ಕಿರೀಟ. ನಡುನಡುವೆ ಖರ್ಜೂರದ ಮರ. ಗೆದ್ದವರಿಗೆ ಆ ಗರಿ ಕೊಡುವುದು ರೋಮಿನ ಪದ್ಧತಿ. ನನ್ನ ಚಿತ್ರದ ಗರಿ ಎಲ್ಲಿಂದ ಬಂತೆಂದು ಅಲ್ಲಿ ತಿಳಿಯಿತು. ಲಾರೆನ್ಸರೂ ಆ ಸಾಲಿನಲ್ಲಿದ್ದಾರೆ. ಜಾಲರಿ ಇಲ್ಲ.

ನೋವನ್ನು ಬರೆದವರೇ ಆಗ ಇರಲಿಲ್ಲ ಅಂತಲ್ಲ. ಪ್ರುಡೆಂಟಿಯಸ್ ಕವಿ ರೋಮಿಗೆ ಹೋಗುವ ದಾರಿಯಲ್ಲಿ ಇಮೊಲಾ ಎಂಬ ಊರಿನಲ್ಲಿ ತಂಗಿದ್ದ. ಕ್ಯಾಸಿಯನ್ ಎಂಬ ರಕ್ತಸಾಕ್ಷಿಯ ಸಮಾಧಿಗೆ ಬಿದ್ದು ಅಳುತ್ತಾ ತಲೆಯೆತ್ತಿದರೆ ಎದುರಿಗೆ ಬಣ್ಣದ ಚಿತ್ರ. ಮೈತುಂಬ ಗಾಯದ ಒಬ್ಬ ಮೇಷ್ಟ್ರು. ಸುತ್ತ ಪುಟ್ಟ ಹುಡುಗರು, ಮೇಣದ ಹಲಗೆಯ ಮೇಲೆ ಬರೆಯುವ ಕಬ್ಬಿಣದ ಕಡ್ಡಿಗಳಿಂದ ಅವರನ್ನು ಚುಚ್ಚುತ್ತಿದ್ದಾರೆ. ಇಗರ್ಜಿ ನೋಡಿಕೊಳ್ಳುವವನು ಬಂದು ಕತೆ ಹೇಳಿದ: ಅಕ್ಷರ ಕಲಿಸಿದ ಮಕ್ಕಳ ಕೈಯಲ್ಲೇ ಇವರನ್ನು ಕೊಲ್ಲಿಸಿದರು. ಆ ಚಿತ್ರ ಈಗ ಉಳಿದಿಲ್ಲ, ಕವಿಯ ಮಾತು ಉಳಿದಿದೆ. ಆ ಸಾಲುಗಳ ಅನುವಾದ ಓದಿದ ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ. ಕಡ್ಡಿ ಸಣ್ಣದು, ಕೈಯೂ ಸಣ್ಣದು, ಹಾಗಾಗಿ ಸಾವು ತುಂಬಾ ತಡವಾಗಿ ಬಂತು ಎನ್ನುತ್ತಾನೆ ಕವಿ.

ಸಾವಿರ ವರ್ಷ ಕಳೆದ ಮೇಲೆ ನೋವೇ ಮುಂದೆ ಬಂದು ನಿಂತಿತು. 1580ರ ದಶಕದಲ್ಲಿ ರೋಮಿನ ಸಂತ ಸ್ತೆಫಾನೊ ರೊತೊಂದೊ ಎಂಬ ದುಂಡನೆಯ ಇಗರ್ಜಿಯ ಗೋಡೆಗೆ ನಿಕೊಲೊ ಚಿರ್ಚಿನ್ಯಾನಿ ಮೂವತ್ತಕ್ಕೂ ಹೆಚ್ಚು ಚಿತ್ರ ಬರೆದ. ಎಲ್ಲವೂ ಕೊಲ್ಲುವ ದೃಶ್ಯಗಳೇ. ಒಂದೊಂದು ಹಿಂಸೆಯ ಪಕ್ಕದಲ್ಲೂ ಒಂದು ಅಕ್ಷರ, ಕೆಳಗೆ ಆ ಅಕ್ಷರಕ್ಕೆ ವಿವರಣೆ, ಪಠ್ಯಪುಸ್ತಕದ ಚಿತ್ರದ ಹಾಗೆ. ಜೆಸ್ವಿಟರು ಎಂಬ ಕ್ಯಾಥೋಲಿಕ್ ಪಂಗಡದ ಪಾದ್ರಿಗಳು ಅಲ್ಲಿ ಹುಡುಗರನ್ನು ತಯಾರು ಮಾಡಿ ಜರ್ಮನಿಯ ಕಡೆಗೆ ಕಳಿಸುತ್ತಿದ್ದರು. ಧರ್ಮದ ಜಗಳದಲ್ಲಿ ಜೀವ ಹೋಗಬಹುದಾದ ಜಾಗ ಅದು. ನಿಮಗೂ ಹೀಗಾಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹೇಳುವ ಗೋಡೆ. ಉದ್ದೇಶ ಅರ್ಥವಾಗುತ್ತದೆ. ಆದರೆ ಅಲ್ಲಿ ಏಳೆಂಟು ಚಿತ್ರ ನೋಡುವಷ್ಟರಲ್ಲಿ ನನಗೆ ಮನುಷ್ಯರೇ ಕಾಣದಾದರು. ಬರೀ ಮೈಗಳು, ಬರೀ ಉಪಕರಣಗಳು.

ದೊಡ್ಡ ಕಲಾವಿದರ ಮಾತು ಬೇರೆ. ಟಿಷಿಯನ್ ವೆನಿಸ್‌ನ ಜೆಸ್ವಿಟರ ಇಗರ್ಜಿಯಲ್ಲಿರುವ ಲಾರೆನ್ಸರ ಚಿತ್ರಕ್ಕೆ ಸುಮಾರು ಹತ್ತು ವರ್ಷ ತೆಗೆದುಕೊಂಡ. 1559ರ ಹೊತ್ತಿಗೆ ಮುಗಿಯಿತು. ಅದು ಕತ್ತಲೆಯ ಚಿತ್ರ. ಪಂಜು, ಕೆಂಡ, ಮೋಡ ಸೀಳಿ ಇಳಿಯುವ ಒಂದು ಎಳೆ ಬೆಳಕು. ಜಾಲರಿಯ ಮೇಲಿಂದ ಲಾರೆನ್ಸರು ಆ ಬೆಳಕಿನ ಕಡೆ ಕೈ ಚಾಚಿದ್ದಾರೆ. ಬರ್ನಿನಿ 1617ರಲ್ಲಿ ಅಮೃತಶಿಲೆಯಲ್ಲಿ ಕೆತ್ತಿದಾಗ ಅವನಿಗಿನ್ನೂ 19 ತುಂಬಿರಲಿಲ್ಲ. ನೋವಿನ ಮುಖ ಹೇಗಿರುತ್ತದೆಂದು ತಿಳಿಯಲು ತನ್ನ ಕಾಲನ್ನೇ ಬೆಂಕಿಗೆ ಹಿಡಿದು ಕನ್ನಡಿ ನೋಡಿಕೊಂಡ ಎಂದು ಅವನ ಮಗ ಬರೆದಿದ್ದಾನೆ. ಕಲ್ಲಿನಲ್ಲಿ ಉರಿ ಕೆತ್ತುವುದು ಸುಲಭದ ಮಾತಲ್ಲ. ಆ ಜ್ವಾಲೆಗಳು ನಿಜಕ್ಕೂ ಅಲುಗಾಡುವ ಹಾಗೆ ಕಾಣುತ್ತವೆ. ಆದರೂ ಆ ಹುಡುಗ ಕೊನೆಗೆ ಕೊಟ್ಟದ್ದು ಶಾಂತವಾದ ಮುಖವನ್ನು. ತನ್ನ ಕಾಲು ಸುಟ್ಟುಕೊಂಡು ತಿಳಿದದ್ದನ್ನು ಅವನು ಸಂತರ ಮುಖಕ್ಕೆ ಹಾಕಲಿಲ್ಲ. ನನಗೆ ಇದು ತುಂಬಾ ದೊಡ್ಡ ತೀರ್ಮಾನ ಅನ್ನಿಸುತ್ತದೆ.

ಈಗ ಒಂದು ಕಷ್ಟದ ಮಾತು. ಜಾಲರಿಯ ಕತೆ ನಡೆದೇ ಇರಲಿಕ್ಕಿಲ್ಲ ಎನ್ನುವ ಇತಿಹಾಸಕಾರರು ಬಹಳ. ಸಿಕ್ಕ ಕೂಡಲೇ ಕೊಲ್ಲಬೇಕು ಎಂಬ ಆಜ್ಞೆ ಇದ್ದಾಗ ವಿಚಾರಣೆ, ಮೂರು ದಿನದ ಗಡುವು, ಕಾಯಿಸಿದ ಕಬ್ಬಿಣ, ಇದಕ್ಕೆಲ್ಲ ಸಮಯ ಎಲ್ಲಿ? ಆ ಆಜ್ಞೆಯ ಸುದ್ದಿಯನ್ನು ಕಾಗದದಲ್ಲಿ ಬರೆದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅವರನ್ನೇ ಮುಂದಿನ ತಿಂಗಳು ಕತ್ತಿಯಿಂದ ಕೊಂದರು. ಲಾರೆನ್ಸರದ್ದೂ ಹಾಗೇ ಒಂದೇ ಏಟಿನ ಸಾವು ಇದ್ದಿರಬೇಕು. ಲ್ಯಾಟಿನ್ನಿನಲ್ಲಿ ಪಾಸುಸ್ ಅಂದರೆ ಸಂಕಟಪಟ್ಟ, ಆಸುಸ್ ಅಂದರೆ ಬೆಂದ. ನಕಲು ಮಾಡುವಾಗ ಮೊದಲಿನ ಒಂದು ಅಕ್ಷರ ಬಿಟ್ಟುಹೋಗಿ ಕತೆ ಹುಟ್ಟಿತು ಎಂಬ ಊಹೆಯೂ ಇದೆ.

ಇದನ್ನು ಮೊದಲು ಓದಿದಾಗ ನನಗೆ ಬೇಜಾರಾಯಿತು. ನನ್ನ ಚಿತ್ರದ ಸಂತರ ಕೈಯಿಂದ ಯಾರೋ ಏನನ್ನೋ ಕಿತ್ತುಕೊಂಡ ಹಾಗೆ. ಆಮೇಲೆ ಇನ್ನೊಂದು ದಾಖಲೆ ಕಣ್ಣಿಗೆ ಬಿತ್ತು. ಲಾರೆನ್ಸರ ಸಾವಿಗೆ ಏಳು ವರ್ಷ ಮೊದಲು, 251ರ ಸುಮಾರಿಗೆ, ಆಗಿನ ಪೋಪ್ ಕೊರ್ನೇಲಿಯಸ್ ಒಂದು ಕಾಗದ ಬರೆದಿದ್ದರು. ಇತಿಹಾಸಕಾರ ಯುಸೇಬಿಯಸ್ ಅದನ್ನು ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ. ರೋಮಿನ ಸಭೆಯಲ್ಲಿ ಯಾರು ಯಾರು ಎಷ್ಟೆಷ್ಟು ಜನ ಇದ್ದಾರೆ ಎಂಬ ಲೆಕ್ಕ ಅದರಲ್ಲಿದೆ. 46 ಪಾದ್ರಿಗಳು, 7 ಡೀಕನ್ನರು, ಹೀಗೆ. ಕೊನೆಯಲ್ಲಿ, 1500ಕ್ಕೂ ಹೆಚ್ಚು ವಿಧವೆಯರು ಮತ್ತು ಕಷ್ಟದಲ್ಲಿರುವವರು, ಇವರನ್ನೆಲ್ಲ ಸಭೆ ಸಾಕುತ್ತಿದೆ.

ಏಳು ಡೀಕನ್ನರು, 1500 ಬಾಯಿಗಳು.

ಅಂದರೆ ಆ ಸಾಲು ನಿಜ. ಅಧಿಕಾರಿಯ ಮುಂದೆ ಅವರನ್ನು ನಿಲ್ಲಿಸಿದ್ದರೋ ಇಲ್ಲವೋ, ಆ ಜನ ಅಲ್ಲಿದ್ದರು. ದಿನ ಬೆಳಗಾದರೆ ಯಾರಿಗೆ ಎಷ್ಟು ಎಂದು ಲೆಕ್ಕ ಹಾಕಿ ಹಂಚುವುದು ಲಾರೆನ್ಸರಂಥವರ ಕೆಲಸವಾಗಿತ್ತು. ಚಿತ್ರಗಳಲ್ಲಿ ಹೆಚ್ಚು ಕಾಣುವ ಜಾಲರಿಗೆ ಆಧಾರ ಕಡಿಮೆ. ಕಡಿಮೆ ಕಾಣುವ ಆ ಬಡವರಿಗೆ ಲೆಕ್ಕದ ದಾಖಲೆಯೇ ಇದೆ. ಅವರು ಸಾಕ್ಷಿ ಹೇಳಿದ್ದು ಇದಕ್ಕೆ ಅಂತ ನನಗೆ ಅನ್ನಿಸುತ್ತದೆ.

ಆ ಸಾಲನ್ನು ಮನಸ್ಸಿಟ್ಟು ಬರೆದವರು ಫ್ರಾ ಆಂಜೆಲಿಕೊ. ಅವರು ಒಬ್ಬ ಸನ್ಯಾಸಿ. 1440ರ ದಶಕದ ಕೊನೆಯಲ್ಲಿ ಪೋಪ್ ಐದನೇ ನಿಕೊಲಾಸ್‌ಗಾಗಿ ವ್ಯಾಟಿಕನ್ ಒಳಗಿನ ಒಂದು ಸಣ್ಣ ಚಾಪೆಲ್‌ನಲ್ಲಿ ಸ್ತೆಫನ್ ಎಂಬ ಇನ್ನೊಬ್ಬ ರಕ್ತಸಾಕ್ಷಿಯ ಮತ್ತು ಲಾರೆನ್ಸರ ಕತೆ ಬರೆದರು. ನಾನು ಅದನ್ನು ಫೋಟೋದಲ್ಲೇ ನೋಡಿದ್ದು, ಆದರೆ ಎಷ್ಟು ಸಲ ನೋಡಿದ್ದೇನೆಂದರೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಇಗರ್ಜಿಯ ಬಾಗಿಲಿನ ಮುಂದೆ ಗುಲಾಬಿ ಬಣ್ಣದ ನಿಲುವಂಗಿಯಲ್ಲಿ ಲಾರೆನ್ಸರು ನಿಂತಿದ್ದಾರೆ. ಬಟ್ಟೆಗೆ ಚಿನ್ನದ ಕಸೂತಿ. ಕೈಯಲ್ಲಿ ಹಣದ ಚೀಲ. ಸುತ್ತ ಜನ. ಒಬ್ಬ ಕುರುಡ ಕೋಲು ಊರಿಕೊಂಡು ದಾರಿ ತಡವುತ್ತಾ ಬರುತ್ತಿದ್ದಾನೆ. ಮಗು ಎತ್ತಿಕೊಂಡ ತಾಯಿ ಇದ್ದಾಳೆ. ಎಲ್ಲರಿಗಿಂತ ಮುಂದೆ, ನಡೆಯಲಾರದ ಒಬ್ಬ ನೆಲಕ್ಕೆ ಕೂತು ಕೈ ಮೇಲೆತ್ತಿದ್ದಾನೆ. ಜಾಲರಿಯ ದೃಶ್ಯವೂ ಅದೇ ಚಾಪೆಲ್‌ನಲ್ಲಿದೆ. ನನ್ನ ಮನಸ್ಸು ಅಲ್ಲಿ ನಿಲ್ಲುವುದಿಲ್ಲ, ಮತ್ತೆ ಈ ಬಾಗಿಲಿಗೇ ಬರುತ್ತದೆ.

ಸೆಬಾಸ್ಟಿಯನ್ ಸಂತರದ್ದೂ ಹೀಗೇ. ಬಾಣ ಅಂದರೆ ಸೆಬಾಸ್ಟಿಯನ್. ಮಂಗಳೂರಿನ ಬೆಂದೂರಿನ ಇಗರ್ಜಿ ಅವರ ಹೆಸರಿನದು, ಹಾಗಾಗಿ ನಮ್ಮ ಕಡೆ ಅವರೂ ಪರಿಚಿತರೇ. ಕತೆಯ ಪ್ರಕಾರ ಅವರು ಬಾಣಗಳಿಂದ ಸಾಯಲೇ ಇಲ್ಲ. ಸತ್ತರೆಂದು ಸೈನಿಕರು ಬಿಟ್ಟುಹೋದ ಮೇಲೆ ಇರೀನ್ ಎಂಬ ವಿಧವೆ ಹೆಣ ಒಯ್ಯಲು ಬಂದಳು. ಉಸಿರಿತ್ತು. ಮನೆಗೆ ಕರೆದೊಯ್ದು ಗುಣಪಡಿಸಿದಳು. ಅವರು ಚಕ್ರವರ್ತಿಯ ಮುಂದೆ ಮತ್ತೆ ಹೋಗಿ ನಿಂತರು, ಆಗ ದೊಣ್ಣೆಗಳಿಂದ ಹೊಡೆದು ಕೊಂದರು. ರೋಮಿನ ಸಂತ ಪಿಯೆತ್ರೊ ಇನ್ ವಿಂಕೊಲಿ ಇಗರ್ಜಿಯಲ್ಲಿ ಏಳನೇ ಶತಮಾನದ ಮೊಸಾಯಿಕ್ ಇದೆ. ಅದರಲ್ಲಿ ಸೆಬಾಸ್ಟಿಯನ್ ಗಡ್ಡದ, ವಯಸ್ಸಾದ, ಮೈತುಂಬ ಬಟ್ಟೆ ತೊಟ್ಟ ಮನುಷ್ಯ. ಒಂದು ಬಾಣವೂ ಇಲ್ಲ. ಪ್ಲೇಗು ಬಂದಾಗ ಕಾಯುವವರು ಎಂಬ ನಂಬಿಕೆ ಬೆಳೆದ ಹಾಗೆ ಬಾಣಗಳೂ ಬೆಳೆದವು. ರೋಗ ಅಂದರೆ ಮೇಲಿಂದ ಬಂದು ನಾಟುವ ಬಾಣ ಎಂಬ ಕಲ್ಪನೆ ಅಲ್ಲಿ ಬಹಳ ಹಳೆಯದು. ನಂತರದ ಚಿತ್ರಕಾರರಿಗೆ ಸುಂದರ ಯುವಕನ ಬರಿಮೈ ಬರೆಯಲು ಇದೊಂದು ದಾರಿಯೂ ಆಯಿತು.

ಇರೀನ್ ಮುಖ್ಯ ಚಿತ್ರಕ್ಕೆ ಬರಲು 17ನೇ ಶತಮಾನ ಕಾಯಬೇಕಾಯಿತು. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಜಾರ್ಜ್ ದ ಲಾ ತೂರ್ ಬರೆದ ಚಿತ್ರವಿದೆ. ರಾತ್ರಿ. ನೆಲದ ಮೇಲೆ ಸೆಬಾಸ್ಟಿಯನ್. ಮೈಯಲ್ಲಿ ಒಂದೇ ಒಂದು ಬಾಣ. ಪಕ್ಕದಲ್ಲಿ ಇರೀನ್, ಕೈಯಲ್ಲಿ ಉರಿಯುವ ಪಂಜು. ಹಿಂದೆ ಅಳುವ ಹೆಂಗಸರು. ಚಿತ್ರದಲ್ಲಿರುವ ಬೆಳಕೆಲ್ಲ ಆ ಒಂದು ಪಂಜಿನದು. ಇಲ್ಲಿ ಬೆಂಕಿ ಇರುವುದು ಗಾಯ ನೋಡುವುದಕ್ಕೆ.

ಕಳೆದ ಜನವರಿಯಲ್ಲಿ ಅತ್ತೂರಿಗೆ ಹೋಗಿದ್ದೆ. ಅಮ್ಮನಿಗೆ ಈಗ ಅಷ್ಟು ದೂರ ನಡೆಯಲು ಆಗುವುದಿಲ್ಲ. ಆದರೂ ಹೊರಡುವಾಗ ಡಬ್ಬಿಯಿಂದ ಚಿಲ್ಲರೆ ಎಣಿಸಿ ಕೈಗೆ ಕೊಟ್ಟರು. ದಾರಿಯ ಬದಿಯಲ್ಲಿ ಅದೇ ಸಾಲು. ಈ ಸಲ ನಾನು ನಿಧಾನವಾಗಿ ನಡೆದೆ. ಒಬ್ಬರು ಹಿರಿಯರು, ಕಾಲಿಲ್ಲದವರು, ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತು ಕೈ ಮೇಲೆತ್ತಿದ್ದರು. ಥೇಟ್ ಆ ಫೋಟೋದಲ್ಲಿರುವ ಹಾಗೆ. ನಾಣ್ಯ ಹಾಕಿ ಮುಂದೆ ಹೋಗಲಾಗದೆ ಪಕ್ಕದಲ್ಲಿ ಕೂತೆ. ಯಾವ ಊರು ಎಂದು ಕೇಳಿದೆ. ಘಟ್ಟದ ಮೇಲಿನವರು. ಪ್ರತಿ ವರ್ಷ ಜಾತ್ರೆಗೆ ಬರುತ್ತಾರಂತೆ.

"ಒಳಗೆ ಹೋಗಿದ್ದೀರಾ?" ಎಂದೆ.

"ಈ ರಶ್ಶಿನಲ್ಲಿ ಹೆಂಗೆ ಹೋಗ್ಲಿ ಸ್ವಾಮಿ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆಯ ಮೇಲಿನ ನಾಣ್ಯಗಳಲ್ಲಿ ಒಂದು ಹತ್ತು ರೂಪಾಯಿಯದನ್ನು ಆರಿಸಿ ನನ್ನ ಕೈಗಿಟ್ಟರು. "ನೀವು ಹೋಗ್ತೀರಲ್ಲ, ನಂದೂ ಒಂದು ಮೇಣದಬತ್ತಿ ಹಚ್ಚಿಬಿಡಿ." ಅವರ ಹೆಸರು ಹೇಳಿದರು. ಮರೆಯಬಾರದೆಂದು ಎರಡು ಸಲ ಹೇಳಿಸಿಕೊಂಡೆ.

ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಒಳಗೆ ಬಿಟ್ಟರು. ಅಮ್ಮನದು ಒಂದು, ಅವರದು ಒಂದು, ಅಕ್ಕಪಕ್ಕ ನಿಲ್ಲಿಸಿ ಹಚ್ಚಿದೆ.